ಕಪ್ ಬಂತು, ಆಟ ನಮ್ಮದಾಗುವುದು ಯಾವಾಗ?



2025ರ ಜೂನ್ 3ರ ರಾತ್ರಿ ಬೆಂಗಳೂರಿನ ಹೆಸರು ಹೊತ್ತ ತಂಡ ಅಹಮದಾಬಾದಿನಲ್ಲಿ ಪಂಜಾಬ್ ತಂಡವನ್ನು 6 ರನ್ನುಗಳಿಂದ ಸೋಲಿಸಿ ಐಪಿಎಲ್ ಕಪ್ ಎತ್ತಿತು. 17 ವರ್ಷ ಕಾದು ಕಾದು ಸಿಕ್ಕ ಕಪ್. ನಮ್ಮ ಕುರುಡುಮಲೆಯಲ್ಲೂ ಹುಡುಗರು ಪಟಾಕಿ ಹೊಡೆದರು. ಮಾರನೇ ದಿನ ಸಂಜೆ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಮುಂದೆ 11 ಜನ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಹರೆಯದವರು. ಯಾದಗಿರಿ, ಮಂಡ್ಯ, ತುಮಕೂರಿನ ಕಡೆಯವರಿದ್ದರು. ನಮ್ಮ ಕೋಲಾರದವರು, ಪಕ್ಕದ ಚಿಂತಾಮಣಿಯವರೂ ಇದ್ದರು.

ಕಪ್ ಗೆದ್ದಾಗ 'ನಮ್ದೇ' ಎಂದು ಎದೆ ತಟ್ಟಿಕೊಂಡವರು ಬಹಳ ಜನ. ಹೆಣಗಳು ಬಿದ್ದಾಗ 'ನಮ್ಮದು' ಅಂದವರು ಒಬ್ಬರಾದರೂ ಇದ್ದರೇ? ತಂಡದವರು ಸರ್ಕಾರದ ಕಡೆ ಕೈ ತೋರಿಸಿದರು. ಸರ್ಕಾರ ತಂಡದ ಕಡೆ, ಕ್ರಿಕೆಟ್ ಸಂಸ್ಥೆಯ ಕಡೆ, ಪೊಲೀಸರ ಕಡೆ ಕೈ ತೋರಿಸಿತು. ಈ 20 ಓವರಿನ ಆಟ ಎಲ್ಲಿಂದ ಬಂತು, ಯಾರ ದುಡ್ಡಿನ ಮೇಲೆ ಬೆಳೆಯಿತು, ಇದರಲ್ಲಿ ಕನ್ನಡಿಗನ ಪಾಲೆಷ್ಟು ಎಂಬುದನ್ನು ಒಮ್ಮೆ ಕೂತು ಲೆಕ್ಕ ಹಾಕಬೇಕಾಗಿದೆ. ಕ್ರಿಕೆಟ್ ನಮಗ್ಯಾಕೆ, ನೆಲ ಜಲ ಭಾಷೆ ನೋಡಿಕೊಳ್ಳೋಣ ಎನ್ನುವ ಹಿರಿಯರು ನಮ್ಮ ಬಳಗದಲ್ಲೂ ಇದ್ದಾರೆ. ಸ್ವಾಮಿ, ನಮ್ಮ ಊರಿನ ಹೆಸರನ್ನು ಅಂಗಿಯ ಮೇಲೆ ಬರೆದುಕೊಂಡು ವ್ಯಾಪಾರ ಮಾಡುವಾಗ ಅದು ನಮ್ಮ ವಿಷಯವೇ.

ಕ್ರಿಕೆಟನ್ನು ಮೊಟಕು ಮಾಡುವ ಕೆಲಸ ಇವತ್ತಿನದಲ್ಲ. 1971ರ ಜನವರಿ 5ರಂದು ಮೆಲ್ಬರ್ನಿನಲ್ಲಿ ಮಳೆಗೆ ಟೆಸ್ಟ್ ಕೊಚ್ಚಿಹೋಗಿ, ಬಂದ ಜನಕ್ಕೆ ಏನಾದರೂ ತೋರಿಸಬೇಕೆಂದು ಒಂದೇ ದಿನದ ಆಟ ಆಡಿಸಿದರು. ಒಂದು ದಿನದ ಅಂತರರಾಷ್ಟ್ರೀಯ ಕ್ರಿಕೆಟ್ ಹುಟ್ಟಿದ್ದು ಹಾಗೆ. 1975ರ ವಿಶ್ವಕಪ್ಪಿನಲ್ಲಿ 60 ಓವರ್ ಇತ್ತು. 1983ರಲ್ಲಿ ಭಾರತ ಗೆದ್ದದ್ದೂ 60 ಓವರಿನ ಆಟವನ್ನೇ. ಆ ವಿಶ್ವಕಪ್ಪಿನಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಕಿತ್ತವರು ನಮ್ಮ ರೋಜರ್ ಬಿನ್ನಿ ಎಂಬುದನ್ನು ಕಪಿಲ್ ದೇವ್ ಜಪದ ನಡುವೆ ಎಲ್ಲರೂ ಮರೆಯುತ್ತಾರೆ. 1987ರಲ್ಲಿ ಅದು 50 ಓವರಿಗೆ ಇಳಿಯಿತು. 2003ರಲ್ಲಿ ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ 20ಕ್ಕೆ ಇಳಿಸಿತು. ಅಲ್ಲಿ ಕೌಂಟಿ ಪಂದ್ಯಗಳಿಗೆ ಜನ ಬರುವುದು ಕಡಿಮೆಯಾಗಿತ್ತು. ಮಂಡಳಿಯ ಮಾರುಕಟ್ಟೆ ವಿಭಾಗದ ಸ್ಟುವರ್ಟ್ ರಾಬರ್ಟ್‌ಸನ್ ಎಂಬಾತ ಜನರನ್ನು ವಿಚಾರಿಸಿ, ಕೆಲಸ ಮುಗಿಸಿ ಬಂದವರು ಸಂಜೆ ಮೂರು ಗಂಟೆಯಲ್ಲಿ ನೋಡಿ ಮನೆಗೆ ಹೋಗುವಂಥ ಆಟ ಬೇಕು ಎಂದು ಹೇಳಿದ. ಆ ವರ್ಷದ ಜೂನ್ 13ರಂದು ಕೌಂಟಿಗಳ ನಡುವೆ ಅದು ಶುರುವಾಯಿತು. ಗಮನಿಸಿ, ಇದನ್ನು ಹುಟ್ಟಿಸಿದವನು ಆಟಗಾರನಲ್ಲ, ಮಾರಾಟಗಾರ. ತಪ್ಪು ಅಂತ ಹೇಳುತ್ತಿಲ್ಲ. ಹುಟ್ಟು ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತದೆ.

ಆದರೆ ಚುಟುಕು ಕ್ರಿಕೆಟ್ಟನ್ನು ಇಂಗ್ಲೆಂಡಿನವರು ಕಂಡುಹಿಡಿದರು ಎಂದರೆ ನಮ್ಮ ಮುಳಬಾಗಿಲು ತಾಲ್ಲೂಕಿನ ಹುಡುಗರು ನಗುತ್ತಾರೆ. ನಮ್ಮಪ್ಪ ಮೊಳೆ ಜೋಡಿಸಿ ಟ್ರೆಡಲ್ ಮಿಷನ್ನಿನಲ್ಲಿ ಅಚ್ಚು ಹಾಕುತ್ತಿದ್ದ ಕಾಲದಿಂದ ನಮ್ಮ ಪ್ರೆಸ್ಸಿಗೆ ಟೆನ್ನಿಸ್ ಬಾಲ್ ಕ್ರಿಕೆಟ್ ಪಂದ್ಯಾವಳಿಯ ಕರಪತ್ರಗಳು ಬರುತ್ತಿವೆ. ರಾಗಿ ಒಕ್ಕಣೆ ಮುಗಿದ ಮೇಲೆ ಬಯಲು ಖಾಲಿಯಾದಾಗ ಈ ಕೆಲಸ ಶುರು. ಒಂದು ಕಡೆಗೆ 8 ಓವರ್, ತಂಡ ಜಾಸ್ತಿ ಬಂದರೆ 6 ಓವರ್, ಫೈನಲ್ಲಿಗೆ 10 ಓವರ್. ಪ್ರವೇಶ ಶುಲ್ಕ ಇಷ್ಟು, ಪ್ರಥಮ ಬಹುಮಾನ ಕೊಡುವ ದಾನಿಗಳು ಇಂಥವರು, ಅಂಪೈರ್ ತೀರ್ಮಾನವೇ ಅಂತಿಮ, ಆಟಗಾರರಿಗೆ ಊಟದ ವ್ಯವಸ್ಥೆ ಇರುತ್ತದೆ. ವಡ್ಡಹಳ್ಳಿ ಟೊಮೆಟೊ ಮಂಡಿಯಲ್ಲಿ ಬೆಳಗಿನ ಜಾವ ಕ್ರೇಟ್ ಹೊತ್ತ ಹುಡುಗ ಹನ್ನೊಂದು ಗಂಟೆಗೆ ಬೌಲಿಂಗ್ ಮಾಡಲು ಬಂದು ನಿಲ್ಲುತ್ತಾನೆ. ಅವನಿಗೆ ಐದು ದಿನ ಆಡಲು ಪುರುಸೊತ್ತೂ ಇಲ್ಲ, ಪ್ಯಾಡು ಗ್ಲೌಸಿಗೆ ದುಡ್ಡೂ ಇಲ್ಲ. ಚುಟುಕು ಆಟ ಅವನಿಗೆ ಫ್ಯಾಷನ್ ಅಲ್ಲ, ಅನಿವಾರ್ಯ.

ಮೈದಾನದ ಮಾತು ಬಂದದ್ದರಿಂದ ಒಂದು ಸಂಗತಿ. ನಮ್ಮ ಕಡೆ ಬಹಳ ವರ್ಷ ಮೈದಾನವೆಂದರೆ ಒಣಗಿದ ಕೆರೆಯ ಅಂಗಳ. ಕೋಲಾರ ಜಿಲ್ಲೆಯ ಕೆರೆಗಳು ಹೇಗಿದ್ದವೆಂದು ಬೇರೆ ಹೇಳಬೇಕಿಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಟ್ಟರು. ಅಂತರ್ಜಲ ಬೇಕಾದ ರೈತರು ಬೇಡ ಎನ್ನಲಾರರು. ಆದರೆ ನೀರು ತುಂಬಿದ ಕಡೆ ಹುಡುಗರ ಆಟದ ಜಾಗ ಹೋಯಿತು. ಅದಕ್ಕೆ ಬದಲಿ ಜಾಗ ಎಲ್ಲಿ ಎಂದು ಯಾವ ಅಧಿಕಾರಿಯಾಗಲಿ, ಶಾಸಕರಾಗಲಿ ಕೇಳಿದ್ದನ್ನು ನಾವು ಕಾಣೆವು.

ಇರಲಿ. ದೊಡ್ಡವರ ಆಟಕ್ಕೆ ಬರೋಣ. ಅಂತರರಾಷ್ಟ್ರೀಯ ಮಟ್ಟದಲ್ಲಿ 20 ಓವರಿನ ಮೊದಲ ಪಂದ್ಯ ಆಡಿದವರು ಹೆಣ್ಣುಮಕ್ಕಳು. 2004ರ ಆಗಸ್ಟ್ 5ರಂದು ಇಂಗ್ಲೆಂಡಿನ ಹೋವ್‌ನಲ್ಲಿ ಇಂಗ್ಲೆಂಡ್ ಮತ್ತು ನ್ಯೂಜಿಲೆಂಡ್ ತಂಡಗಳು ಆಡಿದವು. ಗಂಡಸರ ಮೊದಲ ಪಂದ್ಯ ಆದದ್ದು 2005ರ ಫೆಬ್ರವರಿ 17ರಂದು ಆಕ್ಲೆಂಡಿನಲ್ಲಿ. ಅವತ್ತು ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಆಟಗಾರರು ಹಳೇ ಕಾಲದ ಅಂಗಿ ಹಾಕಿಕೊಂಡು ತಮಾಷೆ ಎಂಬಂತೆ ಆಡಿದರು. ನಮ್ಮ ಭಾರತದ ಮಂಡಳಿಗೆ ಮೊದಮೊದಲು ಇದರ ಮೇಲೆ ಮನಸ್ಸೇ ಇರಲಿಲ್ಲ. 50 ಓವರಿನ ಪಂದ್ಯಕ್ಕೆ ಬರುವ ಜಾಹೀರಾತಿನಲ್ಲಿ ಹೊಟ್ಟೆ ತುಂಬುತ್ತಿರುವಾಗ 20 ಓವರ್ ಯಾಕೆ ಬೇಕು? 2006ರ ಡಿಸೆಂಬರ್ 1ರಂದು ಜೊಹಾನ್ಸ್‌ಬರ್ಗಿನಲ್ಲಿ ಒಂದೇ ಒಂದು ಪಂದ್ಯ ಆಡಿ, ಅಷ್ಟೇ ಅನುಭವದಲ್ಲಿ 2007ರ ಮೊದಲ ವಿಶ್ವಕಪ್ಪಿಗೆ ಹೊರಟಿತು ನಮ್ಮ ತಂಡ. ದ್ರಾವಿಡ್, ತೆಂಡೂಲ್ಕರ್, ಗಂಗೂಲಿ ಮೂವರೂ ಹುಡುಗರು ಆಡಲಿ ಎಂದು ಹಿಂದೆ ಸರಿದರು.

ಆ ವಿಶ್ವಕಪ್ಪು ಎಂದರೆ ಎಲ್ಲರ ಬಾಯಲ್ಲೂ ಯುವರಾಜನ ಆರು ಸಿಕ್ಸರ್, ಧೋನಿಯ ಉದ್ದ ಕೂದಲು. ಸೆಪ್ಟೆಂಬರ್ 14ರಂದು ಡರ್ಬನ್ನಿನಲ್ಲಿ ಏನಾಯಿತು ಎಂಬುದನ್ನು ಕನ್ನಡಿಗರು ನೆನಪಿಟ್ಟುಕೊಳ್ಳಬೇಕು. ಪಾಕಿಸ್ತಾನದ ಎದುರು ಬೇರೆಯವರೆಲ್ಲ ತಡವರಿಸಿದಾಗ 50 ರನ್ ಹೊಡೆದವರು ಕೊಡಗಿನ ರಾಬಿನ್ ಉತ್ತಪ್ಪ. ಎರಡೂ ತಂಡ 141ಕ್ಕೆ ನಿಂತವು. ಆಗಿನ ನಿಯಮದಂತೆ ಬ್ಯಾಟ್ಸ್‌ಮನ್ ಇಲ್ಲದ ಖಾಲಿ ಗೂಟಕ್ಕೆ ಚೆಂಡು ಎಸೆಯುವ ಪೈಪೋಟಿ. ಭಾರತದ ಪರ ಸೆಹ್ವಾಗ್, ಹರ್ಭಜನ್, ಉತ್ತಪ್ಪ ಮೂವರೂ ಹೊಡೆದರು. ಪಾಕಿಸ್ತಾನದ ಮೂವರೂ ತಪ್ಪಿಸಿದರು. ಉತ್ತಪ್ಪ ಬೌಲರೇ ಅಲ್ಲ! ಈ ಗೂಟ ಹೊಡೆಯುವ ಅಭ್ಯಾಸವನ್ನು ಮುಂಚೆಯೇ ಮಾಡಿಸಿದ್ದವರು ತಂಡದ ಬೌಲಿಂಗ್ ಕೋಚ್ ಆಗಿದ್ದ ನಮ್ಮ ವೆಂಕಟೇಶ್ ಪ್ರಸಾದ್. ಸೆಪ್ಟೆಂಬರ್ 24ರ ಫೈನಲ್ಲಿನಲ್ಲಿ ಅದೇ ಪಾಕಿಸ್ತಾನವನ್ನು 5 ರನ್ನುಗಳಿಂದ ಸೋಲಿಸಿ ಭಾರತ ಗೆದ್ದಿತು. ಒಲ್ಲೆ ಒಲ್ಲೆ ಎನ್ನುತ್ತಿದ್ದ ಮಂಡಳಿಗೆ ಅವತ್ತು ಜ್ಞಾನೋದಯವಾಯಿತು. ಏಳು ತಿಂಗಳೊಳಗೆ ಅಂಗಡಿ ತೆರೆಯಿತು.

ಅಂಗಡಿ ತೆರೆದದ್ದು ಎಲ್ಲಿ? ನಮ್ಮ ಬೆಂಗಳೂರಿನಲ್ಲಿ, 2008ರ ಏಪ್ರಿಲ್ 18ರಂದು. ತಂಡಗಳನ್ನು ಹರಾಜು ಹಾಕಿದಾಗ ಮದ್ಯದ ದೊರೆ ವಿಜಯ್ ಮಲ್ಯ 11 ಕೋಟಿ 16 ಲಕ್ಷ ಡಾಲರಿಗೆ ಬೆಂಗಳೂರನ್ನು ಹಿಡಿದುಕೊಂಡಿದ್ದರು. ತಂಡಕ್ಕೆ ಹೆಸರು ಎಲ್ಲಿಂದ ತಂದರು? ಕೆಂಪೇಗೌಡರಿಂದ ಅಲ್ಲ, ಕಾವೇರಿಯಿಂದ ಅಲ್ಲ, ತಮ್ಮ ಕಂಪನಿಯ ವಿಸ್ಕಿಯ ಬಾಟಲಿಯಿಂದ! ರಾಯಲ್ ಚಾಲೆಂಜ್ ಎಂಬ ಬ್ರಾಂಡಿಗೆ ಎರಡಕ್ಷರ ಸೇರಿಸಿ, ಮುಂದೆ ನಮ್ಮ ರಾಜಧಾನಿಯ ಹೆಸರನ್ನು ಇಂಗ್ಲಿಷಿನವರು ಕೆಡಿಸಿಟ್ಟ ರೂಪದಲ್ಲಿ ಅಂಟಿಸಿದರು. ಮೊದಲ ರಾತ್ರಿಯೇ ಕೋಲ್ಕತ್ತಾದ ಮೆಕ್ಕಲಮ್ 158 ರನ್ ಚಚ್ಚಿದ. ನಮ್ಮ ತಂಡ 82ಕ್ಕೆ ಉದುರಿತು. ಅದರಲ್ಲಿ ಇತರೆ ರನ್ನುಗಳೇ 19, ಯಾವ ಬ್ಯಾಟ್ಸ್‌ಮನ್ನೂ ಅಷ್ಟು ಹೊಡೆದಿರಲಿಲ್ಲ. ಮರುವರ್ಷ ಅನಿಲ್ ಕುಂಬ್ಳೆ ನಾಯಕತ್ವದಲ್ಲಿ ಅದೇ ತಂಡ ಫೈನಲ್ ತಲುಪಿತು. ಕುಂಬ್ಳೆ 16 ರನ್ ಕೊಟ್ಟು 4 ವಿಕೆಟ್ ಕಿತ್ತರೂ 6 ರನ್ನಿನಿಂದ ಸೋತಿತು. ಗಡಿಯಾಚೆ ಕಾಸರಗೋಡಿನ ಕುಂಬಳೆ ಊರಿನ ಹೆಸರನ್ನು ಲೋಕಕ್ಕೆಲ್ಲ ಕೇಳಿಸಿದ ಮನುಷ್ಯ ಅವರು. ಅಂಥವರು ಮುನ್ನಡೆಸಿದಾಗ ಈ ತಂಡ ನಮ್ಮದು ಅನ್ನಿಸಿದ್ದು ಸುಳ್ಳಲ್ಲ.

ಈಗ ಹೆಸರಿನ ವಿಚಾರ. 2014ರ ನವೆಂಬರ್ 1ರಿಂದ ರಾಜ್ಯದ 12 ಊರುಗಳ ಹೆಸರನ್ನು ಇಂಗ್ಲಿಷಿನಲ್ಲೂ ಕನ್ನಡದ ಉಚ್ಚಾರದಂತೆಯೇ ಬರೆಯಬೇಕೆಂದಾಯಿತು. ಬೆಂಗಳೂರು, ಮೈಸೂರು, ಮಂಗಳೂರು, ಕಲಬುರಗಿ, ಹುಬ್ಬಳ್ಳಿ, ಬೆಳಗಾವಿ ಇತ್ಯಾದಿ. ಆ ತಿಂಗಳು ನಮ್ಮಂಥ ಸಣ್ಣ ಪ್ರೆಸ್ಸಿನವರಿಗೂ ಕೈತುಂಬ ಕೆಲಸ. ಸಂಘ ಸಂಸ್ಥೆಯವರು, ಅಂಗಡಿಯವರು ಲೆಟರ್‌ಹೆಡ್ಡು, ಬಿಲ್‌ಬುಕ್ಕು, ವಿಸಿಟಿಂಗ್ ಕಾರ್ಡು ಎಲ್ಲ ತಿದ್ದಿಸಿಕೊಂಡರು. ಮುಳಬಾಗಿಲಿನ ಒಬ್ಬ ಟ್ರಾವೆಲ್ಸ್ ಮಾಲೀಕ ಬಸ್ಸಿನ ಹಿಂಬದಿಯ ಸ್ಟಿಕ್ಕರನ್ನು ಒಂದೇ ವಾರದಲ್ಲಿ ಬದಲಾಯಿಸಿದ. ಕೋಟಿಗಟ್ಟಲೆ ವಹಿವಾಟಿನ ತಂಡಕ್ಕೆ ಎಷ್ಟು ಕಾಲ ಬೇಕಾಯಿತು ಗೊತ್ತೇ? 9 ವರ್ಷ 4 ತಿಂಗಳು! 2024ರ ಮಾರ್ಚ್ 19ರಂದು ದೊಡ್ಡ ಸಮಾರಂಭ ಮಾಡಿ, ಸಿನಿಮಾ ನಟರನ್ನು ಕರೆಸಿ ಪ್ರಚಾರ ಮಾಡಿಸಿ, ಬೆಂಗಳೂರು ಎಂದು ಸರಿಯಾಗಿ ಬರೆದುಕೊಂಡರು. ಮಾಡಬೇಕಾದ ಕೆಲಸವನ್ನು ಹತ್ತು ವರ್ಷ ತಡವಾಗಿ ಮಾಡಿದ್ದಕ್ಕೆ ಹಬ್ಬ. ಅದಕ್ಕೂ ನಾವೇ ಚಪ್ಪಾಳೆ ಹೊಡೆದೆವು.

ಅದಕ್ಕೆ ಎರಡು ದಿನ ಮುಂಚೆ, ಮಾರ್ಚ್ 17ರಂದು, ಆ ತಂಡಕ್ಕೆ ಮೊಟ್ಟಮೊದಲ ಕಪ್ ತಂದುಕೊಟ್ಟವರು ಹೆಣ್ಣುಮಕ್ಕಳು. ದಿಲ್ಲಿಯಲ್ಲಿ ದಿಲ್ಲಿಯನ್ನೇ ಸೋಲಿಸಿದರು. ಆ ಫೈನಲ್ಲಿನಲ್ಲಿ 12 ರನ್ನಿಗೆ 4 ವಿಕೆಟ್ ತೆಗೆದವಳು ಕಲಬುರಗಿ ಮೂಲದ ಶ್ರೇಯಾಂಕಾ ಪಾಟೀಲ. ಗಂಡಸರು 16 ವರ್ಷ 'ಈ ಸಲ' 'ಈ ಸಲ' ಎಂದು ಕೂಗುತ್ತಿದ್ದರು, ಹುಡುಗಿಯರು ಎರಡನೇ ವರ್ಷಕ್ಕೇ ತಂದರು.

ಖಾಸಗಿ ಕಂಪನಿಯವರನ್ನು ಬಿಡಿ. ನಮ್ಮದೇ ರಾಜ್ಯದ ಕ್ರಿಕೆಟ್ ಸಂಸ್ಥೆ ಕೆಎಸ್‌ಸಿಎ ಮಾಡಿರುವುದೇನು? 2009ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಎಂದು ಜಿಲ್ಲೆಗಳ ಹೆಸರಿನಲ್ಲಿ 20 ಓವರಿನ ಪಂದ್ಯಾವಳಿ ಶುರುವಾಯಿತು. ಒಳ್ಳೆಯ ಆಲೋಚನೆ. 2019ರಲ್ಲಿ ಅದರೊಳಗೆ ಬೆಟ್ಟಿಂಗ್, ಫಿಕ್ಸಿಂಗ್ ಹುಳ ಹೊರಬಿದ್ದು ಆಟಗಾರರು, ತಂಡದ ಮಾಲೀಕರೂ ಬಂಧನಕ್ಕೊಳಗಾದರು. ಅಲ್ಲಿಗೆ ಆ ಪಂದ್ಯಾವಳಿ ಮುಚ್ಚಿತು. 2022ರ ಜನವರಿಯಲ್ಲಿ ಹೈಕೋರ್ಟು, ಫಿಕ್ಸಿಂಗ್ ನಡೆದಿದ್ದರೂ ಅದು ದಂಡಸಂಹಿತೆಯ ವಂಚನೆಯ ಕಲಮಿನ ಅಡಿ ಬರುವುದಿಲ್ಲ ಎಂದು ಪ್ರಕರಣ ರದ್ದು ಮಾಡಿತು. ಕಾಯ್ದೆ ಏನೇ ಹೇಳಲಿ, ಟಿಕೆಟ್ ಕೊಂಡು ಕೂತವನಿಗೆ ಆದದ್ದು ಏನೆಂದು ಅವನಿಗೆ ಗೊತ್ತು.

ಅದೇ 2022ರಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಅವರ ನೆನಪಿಗೆ ಮಹಾರಾಜ ಟ್ರೋಫಿ ಎಂದು ಹೊಸದಾಗಿ ಆರಂಭಿಸಿದರು. ಆರು ತಂಡ. ಹೆಸರುಗಳನ್ನು ಓದಿ: ಗುಲ್ಬರ್ಗಾ ಮಿಸ್ಟಿಕ್ಸ್, ಹುಬ್ಳಿ ಟೈಗರ್ಸ್, ಮೈಸೂರು ವಾರಿಯರ್ಸ್, ಬೆಂಗಳೂರು ಬ್ಲಾಸ್ಟರ್ಸ್, ಶಿವಮೊಗ್ಗಕ್ಕೊಂದು, ಮಂಗಳೂರಿಗೊಂದು. 2014ರಲ್ಲೇ ಕಲಬುರಗಿ, ಹುಬ್ಬಳ್ಳಿ ಎಂದು ಸರ್ಕಾರ ತಿದ್ದಿದ ಹೆಸರನ್ನು 8 ವರ್ಷದ ಮೇಲೆ ಹುಟ್ಟಿದ ತಂಡಕ್ಕೆ ಗುಲ್ಬರ್ಗಾ, ಹುಬ್ಳಿ ಎಂದು ಇಡುತ್ತಾರಲ್ಲ, ಇವರಿಗೆ ಗೆಜೆಟ್ಟು ತಲುಪಲಿಲ್ಲವೇ? ಮಿಸ್ಟಿಕ್ಸ್ ಎಂದರೆ ಅನುಭಾವಿಗಳು ಎಂದಂತೆ. ಶರಣರ, ಸೂಫಿಗಳ ನಾಡು ಎಂದು ಇಟ್ಟಿರಬೇಕು. ಹಾಗಿದ್ದರೆ ಕನ್ನಡದಲ್ಲೇ 'ಕಲಬುರಗಿ ಶರಣರು' ಎಂದು ಇಡಲು ಏನು ಅಡ್ಡಿ? ಹುಲಿ ಇದೆ, ಸಲಗ ಇದೆ, ಗಂಡಭೇರುಂಡ ಇದೆ. ಅಂಗಿಯ ಮೇಲೆ 'ಹುಬ್ಬಳ್ಳಿ ಹುಲಿಗಳು' ಎಂದು ಅಚ್ಚಾದರೆ ಚೆಂಡು ಬೌಂಡರಿ ದಾಟುವುದಿಲ್ಲವೇ?

ಇನ್ನು ಕೋಲಾರ? 2022ರಿಂದ 2025ರವರೆಗೆ ಆರು ತಂಡಗಳಲ್ಲಿ ಕೋಲಾರದ ಹೆಸರಿನದು ಒಂದೂ ಇಲ್ಲ. ಆಟಗಳು ನಡೆದದ್ದು ಬೆಂಗಳೂರು, ಮೈಸೂರಿನಲ್ಲಿ. ಚುನಾವಣೆ ಬಂದರೆ ಎಲ್ಲ ಪಕ್ಷದವರಿಗೂ ಕುರುಡುಮಲೆಯ ಗಣಪ ಬೇಕು. ಪ್ರಚಾರದ ಬಸ್ಸು ಹತ್ತುವ ಮುನ್ನ ಇಲ್ಲಿ ಬಂದು ತೆಂಗಿನಕಾಯಿ ಒಡೆಯುತ್ತಾರೆ. ಇಲ್ಲಿನ ಹುಡುಗನಿಗೆ ಚರ್ಮದ ಚೆಂಡಿನಲ್ಲಿ ಆಡಲು ಒಂದು ಒಳ್ಳೆಯ ಪಿಚ್ ಬೇಕು ಎಂದರೆ ಮಾತ್ರ ಗಣಪನಿಗೇ ಹೇಳಿಕೊಳ್ಳಿ ಎನ್ನುತ್ತಾರೆ.

ಆಟಗಾರರ ವಿಷಯದಲ್ಲಿ ನಮ್ಮ ನಿಲುವು ಸ್ಪಷ್ಟ. ದಿಲ್ಲಿಯ ವಿರಾಟ್ ಕೊಹ್ಲಿ 2008ರಿಂದ ಒಂದೇ ತಂಡವನ್ನು ಬಿಡದೆ ಹಿಡಿದುಕೊಂಡವರು. ಅವರನ್ನು ಹೊರಗಿನವರು ಎನ್ನಲು ನಮಗೆ ಬಾಯಿ ಬರುವುದಿಲ್ಲ. ಹರಾಜಿನಲ್ಲಿ ಯಾರು ಯಾರಿಗೋ ಬಿಕರಿಯಾಗುವ ಪದ್ಧತಿ ಇದು. ಆದರೂ ಲೆಕ್ಕ ನೋಡಿ. 2025ರ ಫೈನಲ್ಲಿನಲ್ಲಿ ಬೆಂಗಳೂರಿನ ಪರ ಆಡಿದ ಕರ್ನಾಟಕದ ಆಟಗಾರ ಮಯಂಕ್ ಅಗರ್‌ವಾಲ್ ಒಬ್ಬರೇ. ಅವರೂ ಗಾಯಗೊಂಡ ದೇವದತ್ತ ಪಡಿಕ್ಕಲ್ ಬದಲಿಗೆ ಬಂದವರು. ಎದುರು ಪಂಜಾಬಿನ ಪರ ಬೌಲಿಂಗ್ ಮಾಡುತ್ತಿದ್ದವರು ನಮ್ಮ ವೈಶಾಖ್ ವಿಜಯಕುಮಾರ್. ಆ ವರ್ಷ ಇಡೀ ಪಂದ್ಯಾವಳಿಯಲ್ಲಿ ಹೆಚ್ಚು ವಿಕೆಟ್, 25, ತೆಗೆದ ಪ್ರಸಿದ್ಧ ಕೃಷ್ಣ ಗುಜರಾತಿಗೆ ಆಡಿದರು. ಕೆ.ಎಲ್. ರಾಹುಲ್, ಕರುಣ್ ನಾಯರ್ ದಿಲ್ಲಿಗೆ. 2019ರಲ್ಲಿ ಮಾರ್ಚಿನಲ್ಲೊಮ್ಮೆ, ಡಿಸೆಂಬರಿನಲ್ಲೊಮ್ಮೆ, ಎರಡು ಸಲ ದೇಶದ 20 ಓವರಿನ ಸೈಯದ್ ಮುಷ್ತಾಕ್ ಅಲಿ ಟ್ರೋಫಿ ಗೆದ್ದ ರಾಜ್ಯ ನಮ್ಮದು. ಎರಡನೆಯದನ್ನು ತಮಿಳುನಾಡಿನ ಎದುರು ಒಂದೇ ರನ್ನಿನಲ್ಲಿ ಗೆದ್ದೆವು. ಹೀಗೆ ಬೆಳೆದ ಹುಡುಗರು ಊರೂರು ಹಂಚಿಹೋಗುತ್ತಾರೆ. ಅದಕ್ಕೆ ಅಳುತ್ತಿಲ್ಲ, ದುಡಿದು ತಿನ್ನಲಿ. ಬೆಳೆಸಿದ ಮಣ್ಣಿಗೆ ಗೊಬ್ಬರ ಯಾರು ಹಾಕಬೇಕು ಎಂಬುದಷ್ಟೇ ಪ್ರಶ್ನೆ.

ಹೊರದೇಶಕ್ಕೂ ಹೋಗಿದ್ದಾರೆ. ಐಸಿಸಿ 2018ರಿಂದ ಹೆಂಗಸರಿಗೆ, 2019ರಿಂದ ಗಂಡಸರಿಗೆ, ತನ್ನ ಸದಸ್ಯ ದೇಶಗಳು ತಮ್ಮೊಳಗೆ ಆಡುವ 20 ಓವರಿನ ಪಂದ್ಯಗಳಿಗೆಲ್ಲ ಅಂತರರಾಷ್ಟ್ರೀಯ ಮಾನ್ಯತೆ ಕೊಟ್ಟಿತು. ಅದರಿಂದ ಹತ್ತಾರಿದ್ದ ತಂಡಗಳು ನೂರರ ಗಡಿಗೆ ಬಂದವು. 2024ರ ವಿಶ್ವಕಪ್ಪಿನಲ್ಲಿ 20 ದೇಶ ಆಡಿದವು. ಜೂನ್ 6ರಂದು ಡಲ್ಲಾಸಿನಲ್ಲಿ ಅಮೆರಿಕ ಪಾಕಿಸ್ತಾನವನ್ನೇ ಕೆಡವಿತು. ಅವತ್ತು ಅಮೆರಿಕದ ಪರ 30 ರನ್ ಕೊಟ್ಟು 3 ವಿಕೆಟ್ ಕಿತ್ತವರು ನಾಸ್ತುಷ್ ಕೆಂಜಿಗೆ. ಚಿಕ್ಕಮಗಳೂರು ಕಡೆಯ ಕುಟುಂಬ, ಹುಟ್ಟಿದ್ದು ಅಮೆರಿಕದಲ್ಲಿ, ಓದಿದ್ದು, ಕ್ರಿಕೆಟ್ ಕಲಿತದ್ದು ಬೆಂಗಳೂರಿನಲ್ಲಿ. ಆ ವಿಶ್ವಕಪ್ಪನ್ನು ಜೂನ್ 29ರಂದು ಭಾರತ ಗೆದ್ದಾಗ ತಂಡದ ಕೋಚ್ ರಾಹುಲ್ ದ್ರಾವಿಡ್. ಆಟಗಾರನಾಗಿ ಜೀವನದಲ್ಲಿ ಆಡಿದ 20 ಓವರಿನ ಅಂತರರಾಷ್ಟ್ರೀಯ ಪಂದ್ಯ ಒಂದೇ, 2011ರಲ್ಲಿ ಮ್ಯಾಂಚೆಸ್ಟರಿನಲ್ಲಿ. ಅದರಲ್ಲೂ ಸತತ ಮೂರು ಸಿಕ್ಸರ್ ಹೊಡೆದು ಬಂದರು. ನಿಧಾನ, ನಿಧಾನ ಎಂದು ಆಡಿಕೊಂಡವರು ಇದನ್ನೂ ಬರೆದಿಟ್ಟುಕೊಳ್ಳಲಿ.

ಭಾಷೆಯ ಮಾತು. ನಮ್ಮದು ಆಂಧ್ರದ ಗಡಿ ತಾಲ್ಲೂಕು. ಮನೆಯಲ್ಲಿ ತೆಲುಗು ಆಡುವವರು ಅರ್ಧಕ್ಕರ್ಧ ಇದ್ದಾರೆ, ಅವರೊಡನೆ ನಮಗೆ ಯಾವ ತಕರಾರೂ ಇಲ್ಲ. ಚಹದ ಅಂಗಡಿಯ ಟೀವಿಯಲ್ಲಿ ಮಾತ್ರ ವರ್ಷಗಟ್ಟಲೆ ಇಂಗ್ಲಿಷ್ ಇಲ್ಲವೆ ಹಿಂದಿ ವೀಕ್ಷಕ ವಿವರಣೆಯೇ ಗತಿಯಾಗಿತ್ತು. 2018ರ ಐಪಿಎಲ್ಲಿನಲ್ಲಿ ಟೀವಿಯವರು ಕನ್ನಡವೂ ಸೇರಿ ಆರು ಭಾಷೆಯಲ್ಲಿ ವಿವರಣೆ ಕೊಟ್ಟರು. ವಿಜಯ್ ಭಾರದ್ವಾಜ್ ಅವರಂಥ ನಮ್ಮ ಹಳೆಯ ಆಟಗಾರರೇ ಕೂತು ಮಾತಾಡಿದರು. ಟೀವಿಯವರಿಗೆ ಕನ್ನಡದ ಮೇಲೆ ಏಕಾಏಕಿ ಪ್ರೀತಿ ಉಕ್ಕಿತೆಂದು ಯಾರೂ ಭ್ರಮೆ ಪಡಬೇಡಿ. ಕನ್ನಡದಲ್ಲಿ ಕೇಳುವ ಗಿರಾಕಿ ಇದ್ದಾನೆ ಎಂದು ಲೆಕ್ಕ ಸಿಕ್ಕಿತು, ಕೊಟ್ಟರು. ಗಿರಾಕಿ ಬಾಯಿ ಬಿಟ್ಟು ಕೇಳಿದರೆ ಅಂಗಡಿಯವನು ಕೊಡುತ್ತಾನೆ. ಗೂಟರಕ್ಷಕ, ಕ್ಷೇತ್ರರಕ್ಷಕ ಎಂದು ನಿಘಂಟು ತೆರೆದು ಮಾತಾಡಿ ಎಂದು ನಾವು ಹಟ ಹಿಡಿಯುವವರಲ್ಲ. ವಿಕೆಟ್, ಸಿಕ್ಸರ್, ಕ್ಯಾಚು ಎಲ್ಲ ನಮ್ಮ ಹುಡುಗರ ಬಾಯಲ್ಲಿ ಯಾವತ್ತೋ ಕನ್ನಡವಾಗಿವೆ. 'ಎತ್ತಿ ಬಾರಿಸ್ದ ನೋಡಪ್ಪಾ' ಎಂದರೆ ಸಾಕು, ಅದರಲ್ಲಿ ಎಲ್ಲ ಬಂತು.

ಈಗ ಜೂನ್ 4ಕ್ಕೆ ಬರಲೇಬೇಕು. ಅಚ್ಚಿನ ಕೆಲಸದವನಾಗಿ ನಾನು ಒಂದು ವಿಷಯ ಹೇಳುತ್ತೇನೆ. ಎಂಟಾಣೆಯ ಕರಪತ್ರವಾದರೂ ಕೆಳಗಡೆ ಸಣ್ಣಕ್ಷರದಲ್ಲಿ ಮುದ್ರಕನ ಹೆಸರು, ಊರು ಹಾಕಬೇಕೆಂದು 1867ರಲ್ಲಿ ಬಂದ ಕಾಯ್ದೆ ಹೇಳುತ್ತಿತ್ತು. ಆ ಕಾಯ್ದೆ 2024ರಲ್ಲಿ ಹೋಗಿ ಹೊಸದು ಬಂದಿದೆ. ಚುನಾವಣೆಯ ಕರಪತ್ರಕ್ಕೆ ಈ ನಿಯಮ ಈಗಲೂ ಇದೆ. ಮಿಕ್ಕ ಕೆಲಸಕ್ಕೂ ನಾವು ಹಳೇ ಪದ್ಧತಿ ಬಿಟ್ಟಿಲ್ಲ. ಹಳ್ಳಿಯ ಪಂದ್ಯಾವಳಿಯ ಕರಪತ್ರ ತಂದವರಿಗೂ ನಾನು ಮೊದಲು ಕೇಳುವುದು, ಕೆಳಗೆ ಯಾರ ಹೆಸರು ಹಾಕಲಿ, ಪೊಲೀಸ್ ಠಾಣೆಗೆ ಹೇಳಿದ್ದೀರಾ ಎಂದು. ಜಾತ್ರೆಯ ಬಯಲಿನಲ್ಲಿ ಇನ್ನೂರು ಜನ ಸೇರುವುದಕ್ಕೇ ಇಷ್ಟು ವಿಚಾರಣೆ.

ಅಂದು ಲಕ್ಷಾಂತರ ಜನರನ್ನು ಕರೆದದ್ದು ಹೇಗೆ? ಸರ್ಕಾರ ಹೈಕೋರ್ಟಿಗೆ ಕೊಟ್ಟ ವರದಿಯ ಪ್ರಕಾರ, ಪೊಲೀಸರ ಅನುಮತಿ ಸಿಗದಿದ್ದರೂ ತಂಡದ ಜಾಲತಾಣದ ಪುಟದಲ್ಲಿ ಬೆಳಗ್ಗೆ 7 ಗಂಟೆಯಿಂದ ಮೆರವಣಿಗೆಗೆ ಬನ್ನಿ ಬನ್ನಿ ಎಂದು ಕರೆ. ಒಳಗೆ ಹೋಗಲು ಪಾಸು ಬೇಕು, ಅದೂ ಸೀಮಿತ ಎಂಬ ಮಾತು ಬಂದದ್ದು ಮಧ್ಯಾಹ್ನ 3 ಗಂಟೆಯ ಮೇಲೆ! ಅಷ್ಟು ಹೊತ್ತಿಗೆ ಜನ ಮೆಟ್ರೋ ಹತ್ತಿ, ರೈಲು ಹತ್ತಿ, ಕಬ್ಬನ್ ಪಾರ್ಕಿನ ಸುತ್ತ ತುಂಬಿಬಿಟ್ಟಿದ್ದರು. ಊರ ದೇವರ ಪ್ರಸಾದ ಹಂಚುವವನಿಗೂ ಇಷ್ಟು ತಿಳಿವಳಿಕೆ ಇರುತ್ತದೆ, ಎಲ್ಲರಿಗೂ ಸಾಲದ ಪ್ರಸಾದಕ್ಕೆ ಊರೆಲ್ಲ ಡಂಗೂರ ಹೊಡೆಸಬಾರದೆಂದು. ಆ ಕರೆಯ ಕೆಳಗೆ ಜವಾಬ್ದಾರನ ಹೆಸರು ಇತ್ತೇ? ಹೊರಗೆ ಜನ ಉಸಿರು ಕಟ್ಟಿ ಬೀಳುತ್ತಿದ್ದಾಗ 'ಈ ಗೇಟಿಗೆ ಬರಬೇಡಿ, ಹಿಂದೆ ಸರಿಯಿರಿ' ಎಂದು ಕನ್ನಡದಲ್ಲಿ ಮೈಕು ಹಿಡಿದು ಕೂಗಲು ಒಬ್ಬನನ್ನಾದರೂ ನೇಮಿಸಿದ್ದರೇ?

ಸರ್ಕಾರವೇನು ಕಡಿಮೆಯೇ? ವಿಧಾನಸೌಧದ ಮೆಟ್ಟಿಲ ಮೇಲೆ ಸನ್ಮಾನಕ್ಕೆ ತರಾತುರಿ. ಮಂತ್ರಿಗಳು, ಅವರ ಮಕ್ಕಳು ಮೊಮ್ಮಕ್ಕಳು ಫೋಟೋಕ್ಕೆ ನಿಂತರು. ಆಮೇಲೆ ಪೊಲೀಸ್ ಕಮಿಷನರನ್ನು ಅಮಾನತು ಮಾಡಿ ಕೈ ತೊಳೆದುಕೊಂಡರು. ಪರಿಹಾರವನ್ನು 10 ಲಕ್ಷ ಎಂದು, ಮತ್ತೆ 25 ಲಕ್ಷ ಎಂದು ಏರಿಸಿದರು. ತಂಡದವರೂ 25 ಲಕ್ಷ ಕೊಡುವುದಾಗಿ ಹೇಳಿದರು. ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹ ಆಯೋಗ ತನಿಖೆ ಮಾಡಿ, ಅಷ್ಟೊಂದು ಜನ ಸೇರುವುದಕ್ಕೆ ಆ ಕ್ರೀಡಾಂಗಣ ಈಗಿರುವ ಸ್ಥಿತಿಯಲ್ಲಿ ಯೋಗ್ಯವಲ್ಲ ಎಂದಿತು. ಗೇಟುಗಳು ನೇರ ಬೀದಿಯ ಫುಟ್‌ಪಾತಿಗೇ ತೆರೆದುಕೊಳ್ಳುತ್ತವೆ, ಜನ ನಿಲ್ಲಲು ಜಾಗವಿಲ್ಲ. ಇದು ದಶಕಗಳಿಂದ ಎಲ್ಲರ ಕಣ್ಣಿಗೆ ಕಾಣುತ್ತಿದ್ದ ಸತ್ಯ. 11 ಜನ ಸತ್ತ ಮೇಲೆ ಕಾಗದಕ್ಕೆ ಬಂತು.

ಇದರ ಬೆಲೆಯನ್ನು ಆಟವೂ ತೆತ್ತಿತು. 2025ರ ಮಹಿಳಾ ವಿಶ್ವಕಪ್ಪಿನ ಪಂದ್ಯಗಳು ಬೆಂಗಳೂರಿನಿಂದ ನವಿ ಮುಂಬೈಗೆ ಹೋದವು. ಪಾಕಿಸ್ತಾನ ಫೈನಲ್ಲಿಗೆ ಬಾರದಿದ್ದರೆ ಅಂತಿಮ ಪಂದ್ಯ ನಮ್ಮಲ್ಲೇ ನಡೆಯಬೇಕಿತ್ತು. ನವೆಂಬರ್ 2ರಂದು ನಮ್ಮ ಹೆಣ್ಣುಮಕ್ಕಳು ಮೊದಲ ಸಲ ವಿಶ್ವಕಪ್ ಎತ್ತಿದ್ದನ್ನು ಬೆಂಗಳೂರಿನವರು ಟೀವಿಯಲ್ಲಿ ನೋಡಬೇಕಾಯಿತು. ಆ ವರ್ಷದ ಮಹಾರಾಜ ಟ್ರೋಫಿಯೂ ಪೂರ್ತಿ ಮೈಸೂರಿಗೆ ಹೋಯಿತು. 2026ರ 20 ಓವರಿನ ವಿಶ್ವಕಪ್ಪಿಗೆ ಆರಿಸಿದ ಭಾರತದ 5 ಊರುಗಳ ಪಟ್ಟಿಯಲ್ಲಿ ಬೆಂಗಳೂರಿನ ಹೆಸರೇ ಇರಲಿಲ್ಲ.

2025ರ ನವೆಂಬರಿನಲ್ಲಿ ತಂಡದ ಒಡೆತನದ ಕಂಪನಿ, ಈ ತಂಡದಲ್ಲಿ ಹೂಡಿದ ಬಂಡವಾಳದ ಬಗ್ಗೆ ಮರುಪರಿಶೀಲನೆ ಮಾಡುತ್ತೇವೆ ಎಂದು ಷೇರುಪೇಟೆಗೆ ತಿಳಿಸಿತು. ಸಾದಾ ಕನ್ನಡದಲ್ಲಿ ಹೇಳುವುದಾದರೆ, ಒಳ್ಳೆ ಬೆಲೆ ಬಂದರೆ ಮಾರುತ್ತೇವೆ ಎಂದು. ಯಾರು ಮಾರಲಿ, ಯಾರು ಕೊಳ್ಳಲಿ, ಬೆಂಗಳೂರು ಎಂಬ ಹೆಸರು ಮಾತ್ರ ಅವರ ಪಿತ್ರಾರ್ಜಿತ ಆಸ್ತಿಯಲ್ಲ. ಡಿಸೆಂಬರಿನಲ್ಲಿ ಕೆಎಸ್‌ಸಿಎ ಚುನಾವಣೆ ನಡೆದು ವೆಂಕಟೇಶ್ ಪ್ರಸಾದ್ ಅಧ್ಯಕ್ಷರಾಗಿ ಗೆದ್ದರು. 1996ರ ಮಾರ್ಚ್ 9ರಂದು ಅದೇ ಚಿನ್ನಸ್ವಾಮಿ ಮೈದಾನದಲ್ಲಿ ಆಮಿರ್ ಸೊಹೇಲನ ಗೂಟ ಎಗರಿಸಿದ ಪ್ರಸಾದ್. ಆಟಗಾರ ಕುರ್ಚಿಗೆ ಬಂದಿದ್ದಾರೆ, ಒಳ್ಳೆಯದು. ಕುರ್ಚಿಗೆ ಬಂದವರನ್ನು ಕೇಳುವುದು ನಮ್ಮ ಕೆಲಸ.

ನಾವು ಕೇಳುವುದು ಹೆಚ್ಚೇನಲ್ಲ. ಮಹಾರಾಜ ಟ್ರೋಫಿಯ ತಂಡಗಳ ಊರ ಹೆಸರು ಮುಂದಿನ ಪಂದ್ಯಾವಳಿಯೊಳಗೆ ಸರಿಯಾಗಬೇಕು, ಅಂಗಿಯ ಮೇಲೆ ಕನ್ನಡ ಅಕ್ಷರದಲ್ಲಿ ಇರಬೇಕು. ರಾಜ್ಯದಲ್ಲಿ ನಡೆಯುವ ಪ್ರತಿಯೊಂದು ಪಂದ್ಯದ ಟಿಕೆಟ್ಟು, ಗೇಟಿನ ಫಲಕ, ತುರ್ತು ದಾರಿಯ ಸೂಚನೆ, ಮೈಕಿನ ಪ್ರಕಟಣೆ ಮೊದಲು ಕನ್ನಡದಲ್ಲಿ ಇರಬೇಕು. ಇದು ಬರೀ ಅಭಿಮಾನದ ಮಾತಲ್ಲ, ನೂಕುನುಗ್ಗಲಿನಲ್ಲಿ ಸಿಕ್ಕಿಕೊಂಡ ಯಾದಗಿರಿಯ ಹುಡುಗ ಯಾವ ಭಾಷೆಯ ಬೋರ್ಡು ಓದಿ ದಾರಿ ಹುಡುಕಬೇಕು? ಕೋಲಾರದಲ್ಲಿ ಚರ್ಮದ ಚೆಂಡಿನ 20 ಓವರಿನ ತಾಲ್ಲೂಕು ಮಟ್ಟದ ಪಂದ್ಯಾವಳಿಯನ್ನು ಸಂಸ್ಥೆಯೇ ನಡೆಸಬೇಕು, ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು, ಬಂಗಾರಪೇಟೆ, ಕೆಜಿಎಫ್ ಹುಡುಗರನ್ನು ಅಲ್ಲೇ ಬಂದು ನೋಡಿ ಆರಿಸಬೇಕು. ಆಯ್ಕೆಗೆಂದು ಬಸ್ ಚಾರ್ಜು ಕೊಟ್ಟು ಬೆಂಗಳೂರಿಗೆ ನಾಲ್ಕು ಸಲ ಅಲೆದು ಐದನೆಯ ಸಲ ಮಂಡಿಯ ಕೆಲಸಕ್ಕೆ ಹೋದ ಎಡಗೈ ಬೌಲರ್ ಒಬ್ಬ ನಮ್ಮ ಪಕ್ಕದ ಬೀದಿಯಲ್ಲೇ ಇದ್ದಾನೆ. ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೋಡೆಯ ಮೇಲೆ, ಜನ ಓಡಾಡುವ ಕಡೆ, ಆ 11 ಜನರ ಹೆಸರಿನ ಕಲ್ಲು ಕನ್ನಡದಲ್ಲಿ ಕೆತ್ತಿಸಿ ನಿಲ್ಲಿಸಬೇಕು.

ಈ ಬೇಡಿಕೆಗಳ ಮನವಿಯನ್ನು ಈ ಸಂಚಿಕೆಯ ಜೊತೆ ಬಿಡಿ ಹಾಳೆಯಾಗಿ ಕೊಟ್ಟಿದ್ದೇವೆ. ತಾಲ್ಲೂಕಿನ ಕ್ರಿಕೆಟ್ ತಂಡಗಳ ಹುಡುಗರು ಸಹಿ ಮಾಡಿ, ತಂಡದ ಹೆಸರು, ಊರು ಬರೆದು, ಪತ್ರಿಕೆ ಹಂಚುವ ಕಾರ್ಯಕರ್ತರ ಕೈಗೆ ಕೊಡಿ. ತಿಂಗಳ ಕೊನೆಗೆ ಎಲ್ಲವನ್ನೂ ಕಟ್ಟಿ ಬೆಂಗಳೂರಿಗೆ ನಾವೇ ಒಯ್ಯುತ್ತೇವೆ. ಹಾಳೆಯ ಕೆಳಗೆ ಮುದ್ರಕನ ಹೆಸರಿದೆ, ಯಾರು ಬೇಕಾದರೂ ಕೇಳಬಹುದು.